ಆಷಾಢದ ಗಾಳಿಗೆ ಕಟ್ಟಿದ ಹಗ್ಗ

ಗಜೇಂದ್ರಗಡ
12 ಡಿಸೆಂಬರ್ 1955

ಇಲ್ಲ ಸಾಹೇಬರೇ, ಅದು ಬುರುಜಲ್ಲ. ನಮಸ್ಕಾರವನ್ನು ಮೊದಲು ಬರೆಯಬೇಕಿತ್ತು. ನಿಮ್ಮ ಕಾರ್ಡು ಓದಿದ ಸಿಟ್ಟಿನಲ್ಲಿ ಮರೆತೆ. ನಮಸ್ಕಾರಗಳು.

ಕಾರ್ಡಿನಲ್ಲಿ ನೀವು ಬರೆದದ್ದು ಮೂರೇ ಸಾಲು. ಮೂರಕ್ಕೂ ಉತ್ತರ ಕೊಡುತ್ತೇನೆ.

‘ಬುರುಜಿನ ನಕ್ಷೆ ತಲುಪಿತು’ ಎಂದಿದ್ದೀರಿ. ಬುರುಜಾದರೆ ವೈರಿಯನ್ನು ಹೊರಗಿಡಲು ಕಟ್ಟುತ್ತಾರೆ. ಇದು ಗಾಳಿಯನ್ನು ಒಳಗೆ ಕರೆಯಲು ಕಟ್ಟಿದ್ದು.

‘ಇದಕ್ಕೂ ವಿದ್ಯುತ್ತಿಗೂ ಏನು ಸಂಬಂಧ ತಿಳಿಯಲಿಲ್ಲ’ ಎಂದಿದ್ದೀರಿ. ನಮ್ಮ ಗುಡ್ಡದ ಕೋಟೆಯ ಗೋಡೆಯಲ್ಲಿ ಕೋವಿಯ ಕಿಂಡಿಗಳಿವೆ. ಒಳಗೆ ಅಗಲ, ಹೊರಗೆ ಇಕ್ಕಟ್ಟು. ನಮ್ಮಪ್ಪ ಅದನ್ನು ತಿರುವಿಹಾಕಿ ಕಟ್ಟಿದರು. ಹೊರಗೆ ಅಗಲ, ಒಳಗೆ ಇಕ್ಕಟ್ಟು, ಎಲ್ಲ ಕಿಂಡಿಗಳೂ ಒಂದೇ ಕಡೆಗೆ ಓರೆ. ಗಾಳಿ ಯಾವ ದಿಕ್ಕಿನಿಂದ ಬಂದರೂ ಒಳಗೆ ಹೊಕ್ಕ ಮೇಲೆ ಒಂದೇ ಕಡೆಗೆ ಸುತ್ತುತ್ತದೆ, ಬೀಸುವ ಕಲ್ಲು ಸುತ್ತಿದ ಹಾಗೆ. ನಡುವೆ ನೆಟ್ಟಗೆ ಒಂದು ಕಬ್ಬಿಣದ ಕಂಬ, ಅದಕ್ಕೆ ತಗಡಿನ ರೆಕ್ಕೆಗಳ ಚಕ್ರ. ಚಕ್ರ ತಿರುಗಿದರೆ ಪಟ್ಟಿ ಎಳೆಯುತ್ತದೆ, ಪಟ್ಟಿ ಎಳೆದರೆ ಹಳೆಯ ಲಾರಿಯ ಡೈನಮೊ ತಿರುಗುತ್ತದೆ, ಡೈನಮೊ ತಿರುಗಿದರೆ ದೀಪ. ಸಂಬಂಧ ಇಷ್ಟೇ.

‘ಅರ್ಜಿದಾರರು ಯಾರು’ ಎಂದು ಕೇಳಿದ್ದೀರಿ. ಅರ್ಜಿ ನಮ್ಮಪ್ಪನದು. ಅಲ್ಲಾಸಾಬ, ಕಲ್ಲು ಕಟ್ಟುವ ಗೌಂಡಿ. ಬರೆಯುವವಳು ನಾನು, ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತೇನೆ. ಅಪ್ಪ ಹೇಳುತ್ತಾರೆ, ನಾನು ಬರೆಯುತ್ತೇನೆ, ನಡುನಡುವೆ ನನ್ನದನ್ನೂ ಸೇರಿಸುತ್ತೇನೆ.

ನೀವು ಕೇಳದೆ ಇದ್ದದ್ದನ್ನೂ ಹೇಳಿಬಿಡುತ್ತೇನೆ. ಗುಡ್ಡದ ಜಾಗ ಊರ ಕಮಿಟಿಯದು. ‘ಸರಕಾರದವರು ಇದು ನಡೆಯುತ್ತದೆ ಎಂದು ಬರೆದುಕೊಟ್ಟರೆ ಇರಲಿ. ಇಲ್ಲವಾದರೆ ನೀರಿನ ಟಾಕಿ ಕಟ್ಟಲು ಆ ಕಲ್ಲು ಬೇಕು’ ಎಂದು ಅಧ್ಯಕ್ಷರು ಹೇಳಿದ್ದಾರೆ. ಒಪ್ಪಿ ಹೆಬ್ಬೆಟ್ಟು ಒತ್ತಿದ್ದಾರೆ ಅಪ್ಪ. ಎರಡು ಬೇಸಿಗೆ ಬೇರೆ ಕೆಲಸ ಹಿಡಿಯದೆ ಕಟ್ಟಿದ್ದು, ಸಾಹೇಬರೇ. ತಮ್ಮ ಗುಡಿಸಿಲಿಗೂ ಇಷ್ಟು ಜೋಪಾನ ಮಾಡಿಲ್ಲ. ಮೊದಲನೆಯ ವರ್ಷ ಆಷಾಢದ ಗಾಳಿಗೆ ರೆಕ್ಕೆ ಕಿತ್ತುಹೋದವು. ಅಂದಿನಿಂದ ಮಳೆಗಾಲ ಬಂತೆಂದರೆ ಕಿಂಡಿಗಳಿಗೆ ಹಲಗೆ ಬಡಿದು, ಚಕ್ರಕ್ಕೆ ಎತ್ತು ಕಟ್ಟಿದ ಹಾಗೆ ಹಗ್ಗ ಕಟ್ಟಿ ಬರುತ್ತಾರೆ. ಈಗ ದಪ್ಪ ತಗಡು ಹಾಕಿದ್ದಾರೆ, ಆದರೂ ಕಟ್ಟುತ್ತಾರೆ.

ಬಂದು ನೋಡುತ್ತೀರಾ?

ಮುನೀರಾ


ಪುಣೆ
29 ಡಿಸೆಂಬರ್ 1955

ಮುನೀರಾ ಅಕ್ಕೋರಿಗೆ ಅಂದಾನೆಪ್ಪನ ನಮಸ್ಕಾರ.

ಬುರುಜು ಎಂದದ್ದು ತಪ್ಪಾಯಿತು. ಇನ್ನು ಮೇಲೆ ಗೋಪುರ ಎನ್ನುತ್ತೇನೆ.

ನಾನು ಸರಕಾರದ ವಿದ್ಯುತ್ ಇಲಾಖೆಯ ಓವರಸಿಯರ್. ನನ್ನ ಕೆಲಸ ಏನೆಂದು ತಿಳಿದರೆ ನಿಮ್ಮ ಸಿಟ್ಟು ಇಳಿಯಬಹುದು. ಗಾಳಿಯಿಂದ ವಿದ್ಯುತ್ತು ಮಾಡುತ್ತೇವೆ ಎಂದು ಜನ ಬರೆದ ಅರ್ಜಿಗಳೆಲ್ಲ ನನ್ನ ಮೇಜಿಗೆ ಬರುತ್ತವೆ. ಒಬ್ಬರು ಕೊಡೆಗಳನ್ನು ಕಟ್ಟುತ್ತಾರೆ, ಇನ್ನೊಬ್ಬರು ಹಳೆಯ ಬೀಸಣಿಕೆಗಳನ್ನು. ಓದಿ, ಹೋಗಿ ನೋಡಿ, ವರದಿ ಬರೆಯಬೇಕು. ಇದುವರೆಗೆ ನಾನು ‘ಯೋಗ್ಯವಿದೆ’ ಎಂದು ಬರೆದದ್ದಿಲ್ಲ. ಬರೆಯಬಾರದು ಎಂದಲ್ಲ, ಅಂಥದು ಬರಲಿಲ್ಲ. ಅರ್ಜಿ ಓದಿದಾಗ ನಗು ಬರುತ್ತಿತ್ತು. ಈಗ ನಗುವೂ ಇಲ್ಲ, ಕಣ್ಣು ಉರಿಯುತ್ತದೆ ಅಷ್ಟೆ.

ಆದರೆ ನಿಮ್ಮ ಭಾಗದಿಂದಲೇ ಮೂರು ಬಂದಿವೆ. ರೋಣದಿಂದ ಒಂದು, ನರಗುಂದದಿಂದ ಒಂದು, ನಿಮ್ಮದು. ಮೂರಕ್ಕೂ ಸೇರಿ ಒಂದು ಪ್ರವಾಸ ಮಂಜೂರಾಗಿದೆ. ಗಾಳಿ ಅಳೆಯುವ ಯಂತ್ರ ಕಚೇರಿಯಲ್ಲಿ ಇರುವುದು ಒಂದೇ. ಅದನ್ನು ನಿಮ್ಮಲ್ಲಿ ಹೆಚ್ಚೆಂದರೆ ಒಂದು ತಿಂಗಳು ಬಿಡಬಹುದು. ಆದ್ದರಿಂದ ಒಂದೇ ಪ್ರಶ್ನೆ, ಸರಿಯಾಗಿ ವಿಚಾರಿಸಿ ಬರೆಯಿರಿ. ನಿಮ್ಮಲ್ಲಿ ಗಾಳಿ ಚಲೋ ಇರುವುದು ಯಾವ ತಿಂಗಳು? ಆಗಲೇ ಬರುತ್ತೇನೆ.

ಇನ್ನೊಂದು. ನಾನೂ ನಿಮ್ಮ ಸೀಮೆಯ ಸವಡಿಯವನೇ. ಪುಣೆಗೆ ಬಂದು ತಲೆ ನರೆಯಿತು. ಕಿಂಡಿ ತಿರುವಿಹಾಕಿದ ಮಾತು ಓದಿ, ಕೋಟೆಯ ಆ ಗೋಡೆ ನೆನಪಾಯಿತು. ಹುಡುಗರಾಗಿದ್ದಾಗ ಅಲ್ಲಿ ಕಿಂಡಿಗೆ ಕಿವಿಯಿಟ್ಟು ಗಾಳಿಯ ಸದ್ದು ಕೇಳುತ್ತ ಕೂತಿರುತ್ತಿದ್ದೆವು.

ಅಂದಾನೆಪ್ಪ


ಗಜೇಂದ್ರಗಡ
9 ಜನವರಿ 1956

ಅಂದಾನೆಪ್ಪ ಕಾಕಾ ಅವರಿಗೆ,

ಸವಡಿಯವರಾದ ಮೇಲೆ ಸಾಹೇಬರು ಹ್ಯಾಗಾಗುತ್ತೀರಿ? ಕಾಕಾ ಎನ್ನುತ್ತೇನೆ. ಬೇಡ ಎಂದರೆ ಮುಂದಿನ ಕಾಗದದಲ್ಲಿ ಬೈಯಿರಿ.

ನೀವು ಹೇಳಿದ ಹಾಗೆ ಸರಿಯಾಗಿ ವಿಚಾರಿಸಿದೆ. ಒಬ್ಬರನ್ನಲ್ಲ, ಸಂತೆಗೆ ಬಂದವರನ್ನೆಲ್ಲ ಕೇಳಿದೆ. ಸೂಡಿಯವರು, ಮೆಣಸಗಿಯವರು, ನಮ್ಮ ಊರವರು, ಎಲ್ಲರದೂ ಒಂದೇ ಮಾತು. ಮಾಘ ಮಾಸ, ಹೊತ್ತು ಮುಳುಗುವಾಗ. ಸೂಡಿಯ ರೈತ ಕಳಕಪ್ಪನವರಿಗೆ ನನ್ನ ಪ್ರಶ್ನೆಯೇ ಹುಚ್ಚು ಅನ್ನಿಸಿತು.

‘ಚಲೋ ಗಾಳಿ ಅಂದ್ರ ಕಣದಾಗಿನ ಗಾಳಿನ ಅಲ್ಲೇನ ತಂಗಿ? ಮೊರ ಎತ್ತಿ ಹಿಡದ್ರ ಜ್ವಾಳ ಕಾಲಬುಡಕ ಬೀಳ್ಬೇಕು, ಹೊಟ್ಟು ಆಕಡೆ ಹೋಗಬೇಕು. ಅದಕ್ಕಿಂತ ಚಲೋ ಗಾಳಿ ದೇವರ ಕಡೇನೂ ಇಲ್ಲ.’

ಅಪ್ಪನೂ ತಲೆ ಹಾಕಿದರು. ಆ ಗಾಳಿ ಒಂದೇ ಸಮ ಬರುತ್ತದೆ, ಜಗಳ ಮಾಡುವುದಿಲ್ಲ, ಅದೇ ಸರಿ ಎಂದರು. ಆದ್ದರಿಂದ ಮಾಘ ಎಂದು ಬರೆದುಕೊಳ್ಳಿ. ಪೂರಾ ತಿಂಗಳು ನಾನೇ ದಿನಾಲು ಸಾಲೆ ಬಿಟ್ಟ ಮೇಲೆ ಗುಡ್ಡ ಹತ್ತಿ ಯಂತ್ರ ನೋಡುತ್ತೇನೆ. ನೀವು ಚಿಂತೆ ಬಿಡಿರಿ.

ನಮ್ಮ ಓಣಿಯ ಹೆಂಗಸರಿಗೆ ಈಗಲೇ ಹೇಳಿಟ್ಟಿದ್ದೇನೆ. ಅವರು ಮಗ್ಗದವರಿಗೆ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಡುವವರು. ಬುಡ್ಡಿ ದೀಪದಲ್ಲಿ ಎಳೆ ಕಾಣುವುದಿಲ್ಲ, ಹರಿದರೆ ಕೂಲಿ ಹಿಡಿಯುತ್ತಾರೆ. ಗೋಪುರದ ಬುಡದಲ್ಲಿ ಒಂದು ಬಲ್ಬು ಹತ್ತಿದರೆ ರಾಟೆ ಹೊತ್ತುಕೊಂಡು ಗುಡ್ಡ ಹತ್ತಲು ಎಲ್ಲರೂ ತಯಾರು. ನಮ್ಮವ್ವ ಎಲ್ಲರಿಗಿಂತ ಮೊದಲು.

ಮುನೀರಾ


ರೋಣ, ಪ್ರವಾಸಿ ಬಂಗಲೆ
8 ಫೆಬ್ರವರಿ 1956

ಮುನೀರಾ ತಂಗಿಗೆ,

ಕಾಕಾ ಆಗಲು ಅಡ್ಡಿ ಇಲ್ಲ. ನನ್ನನ್ನು ಹಾಗೆ ಕರೆಯುವವರು ಪುಣೆಯಲ್ಲಿ ಯಾರೂ ಇಲ್ಲ.

ಮಾಘ ಸರಿ. ನಿಮ್ಮ ಕಾಗದ ಓದುವ ಮೊದಲೇ ನನ್ನ ಮನಸ್ಸಿನಲ್ಲೂ ಅದೇ ಇತ್ತು.

ನರಗುಂದ ಮುಗಿಸಿ ಬಂದೆ. ಅಲ್ಲಿ ದರ್ಜಿ ರಮಜಾನಸಾಬರು ಹಳೆಯ ಡೇರೆಯ ಬಟ್ಟೆಯಿಂದ ಪಟ ಹೊಲಿದು ಗುಡ್ಡದ ಓರೆಗೆ ಬಂಡಿಯ ಗಾಲಿಯಂತೆ ಕಟ್ಟಿದ್ದಾರೆ. ನೋಡಲು ಚೆಂದ. ಆದರೆ ಗಾಳಿ ಸ್ವಲ್ಪ ಜೋರಾದರೆ ಓಡಿಹೋಗಿ ಪಟ ಸುತ್ತಿಡುತ್ತಾರೆ. ಯಾಕೆ ಎಂದರೆ, ‘ಹರದ್ರ ಮತ್ತ ಹೊಲಿಯಾವ್ರು ಯಾರ್ರಿ, ಗಿರಾಕಿ ಬಟ್ಟಿನ ಹಾಂಗ ಬಿದ್ದಾವು’ ಎಂದರು.

ರೋಣದಲ್ಲಿ ಎಣ್ಣೆ ವ್ಯಾಪಾರಿ ಗುರುಸಂಗಪ್ಪನವರು ಪೀಪಾಯಿಗಳನ್ನು ಉದ್ದಕ್ಕೆ ಸೀಳಿ ಮಾಳಿಗೆಯ ಮೇಲೆ ನಿಲ್ಲಿಸಿದ್ದಾರೆ. ತಿರುಗುತ್ತದೆ. ಆದರೆ ಆ ಕಿರುಗುಟ್ಟುವ ಸದ್ದಿಗೆ ಓಣಿಯ ನಾಯಿಗಳೆಲ್ಲ ಊರ ಹೊರಗೆ ಮಲಗುತ್ತಿವೆಯಂತೆ. ಎಣ್ಣೆ ಅಂಗಡಿಯವರು, ಅಚ್ಚಿಗೆ ಒಂದಿಷ್ಟು ಎಣ್ಣೆ ಬಿಡಬಾರದೇ ಎಂದೆ. ‘ಅದು ಮಾರೂ ಎಣ್ಣಿರಿ ಸಾಹೇಬ್ರ’ ಎಂದರು. ಇವನ್ನೆಲ್ಲ ವರದಿಯಲ್ಲಿ ಬರೆಯಲು ಬರುವುದಿಲ್ಲ. ಅದಕ್ಕೇ ನಿಮಗೆ ಬರೆದೆ.

ನಾಳಿದ್ದು ಬಸ್ಸಿಗೆ ಬರುತ್ತೇನೆ. ಯಂತ್ರ ನನ್ನ ತೊಡೆಯ ಮೇಲೆ ಇರುತ್ತದೆ. ಗುಡ್ಡ ಹತ್ತಲು ನನಗೆ ದಮ್ಮು ಸಾಲದು, ನಡುವೆ ಕೂತರೆ ನಗಬೇಡಿರಿ.

ಅಂದಾನೆಪ್ಪ


ಗಜೇಂದ್ರಗಡ
13 ಮಾರ್ಚ್ 1956

ಕಾಕಾ,

ನೀವು ಹೋದ ದಿನದಿಂದ ನಿನ್ನೆಯವರೆಗೆ ಒಂದು ಸಂಜೆಯೂ ತಪ್ಪಿಸಿಲ್ಲ. ಜ್ವರ ಬಂದ ದಿನ ಅಪ್ಪನೇ ಹೋಗಿ ಯಂತ್ರದ ಮುಳ್ಳು ಎಲ್ಲಿ ನಿಂತಿದೆ ಎಂದು ಇದ್ದಿಲಿನಿಂದ ಕಲ್ಲಿನ ಮೇಲೆ ಗುರುತು ಹಾಕಿ ಬಂದರು. ಅಳತೆಗಳನ್ನೆಲ್ಲ ಇದರ ಜೊತೆ ಇಟ್ಟಿದ್ದೇನೆ. ಯಂತ್ರವನ್ನು ಹತ್ತಿಯಲ್ಲಿ ಸುತ್ತಿ ಪಾರ್ಸಲ್ ಮಾಡಿದ್ದೇನೆ.

ಆ ಯಂತ್ರದ ನಾಲ್ಕು ಬಟ್ಟಲು ನೋಡಿ ಸಾಲೆಯ ಹುಡುಗಿಯರು ಗಾಳಿ ಚಹಾ ಕುಡಿಯುತ್ತದೆ ಎಂದು ಹಾಡು ಕಟ್ಟಿದ್ದಾರೆ.

ನೀವು ಇದ್ದ ಸಂಜೆ ಆದದ್ದೇ ಎಲ್ಲ ದಿನವೂ ಆಯಿತು. ಚಕ್ರ ತಿರುಗಿತು. ಬಲ್ಬಿನ ಒಳಗಿನ ತಂತಿ ಕೆಂಪಗಾಯಿತು, ಬೀಡಿಯ ತುದಿಯ ಹಾಗೆ. ಬೆಳಕು ಬೀಳಲಿಲ್ಲ. ಒಂದು ದಿನ ಹೆಂಗಸರು ರಾಟೆ ತಂದರು. ಕೆಂಪು ತಂತಿಯ ಕೆಳಗೆ ಸಾಲಾಗಿ ಕೂತು ಎಳೆ ಹುಡುಕಿದರು. ಸ್ವಲ್ಪ ಹೊತ್ತಿಗೆ ಅವ್ವ ಮೊದಲು ಎದ್ದಳು.

ಇದು ಸಾಕಾಗುವುದಿಲ್ಲವೇ ಕಾಕಾ? ಕೆಂಪಾಯಿತು ಅಂದರೆ ದಾರಿ ಸರಿ ಇದೆ ಎಂದಲ್ಲವೇ? ಮಾಡಬೇಕಾದ ದುರುಸ್ತಿ ಏನಿದ್ದರೂ ಬರೆಯಿರಿ. ಅಪ್ಪ ಕಿಂಡಿ ಬಿಚ್ಚಿ ಮತ್ತೆ ಕಟ್ಟಲೂ ತಯಾರು.

ಅವರು ನಿಮ್ಮನ್ನು ದಿನಾ ನೆನೆಸುತ್ತಾರೆ. ಮಳೆಗಾಲದ ಹಗ್ಗದ ಗಂಟು ಹಾಕಿ ತೋರಿಸಿದಾಗ ನೀವು ‘ಭಾಳ ಚಲೋ ಮಾಡೀರಿ ಅಲ್ಲಾಸಾಬ’ ಎಂದಿರಲ್ಲ, ಅದನ್ನು ಈಗಲೂ ಬಂದವರಿಗೆಲ್ಲ ಹೇಳುತ್ತಾರೆ.

ಮುನೀರಾ


ಪುಣೆ
7 ಮೇ 1956

ಮುನೀರಾ ತಂಗಿಗೆ,

ತಡವಾಯಿತು. ಅಳತೆ ತಲುಪಿದವು. ಯಂತ್ರವೂ ತಲುಪಿತು, ಬಟ್ಟಲು ಡೊಂಕಾಗಿಲ್ಲ. ನೀವು ಬರೆದಷ್ಟು ಅಚ್ಚುಕಟ್ಟಾಗಿ ನಮ್ಮ ಕಚೇರಿಯಲ್ಲಿ ಯಾರೂ ಬರೆಯುವುದಿಲ್ಲ.

ವಿಷಯ ದೊಡ್ಡ ಸಾಹೇಬರ ಮೇಜಿನ ಮೇಲಿದೆ. ಅವರು ನೋಡಬೇಕು. ಇಲ್ಲಿ ಈಗ ಯಾರೂ ಯಾವುದನ್ನೂ ನೋಡುತ್ತಿಲ್ಲ. ರಾಜ್ಯ ಒಡೆಯುತ್ತದೆ, ಕನ್ನಡದವರೆಲ್ಲ ಮೈಸೂರಿನ ಕಡೆಗೆ ಎಂದು ಮಾತು ನಡೆದಿದೆ. ಯಾರ ಕುರ್ಚಿ ಎಲ್ಲಿಗೆ, ಯಾವ ಕಪಾಟು ಯಾರಿಗೆ ಎಂಬುದೇ ಚಿಂತೆ. ನಾನು ಸಂಜೆ ಖೋಲಿಗೆ ಬಂದು ಕಾಲು ನೀರಿನಲ್ಲಿಟ್ಟು ಕೂರುತ್ತೇನೆ. ಬಾವು ಇಳಿಯುವುದಿಲ್ಲ.

ಅಪ್ಪನಿಗೆ ಬೇರೆ ಕೆಲಸ ಸಿಕ್ಕರೆ ಹಿಡಿಯಲು ಹೇಳಿರಿ. ಸುಮ್ಮನೆ ಕಾಯುವುದು ಬೇಡ.

ಅಂದಾನೆಪ್ಪ


ಗಜೇಂದ್ರಗಡ
2 ಜುಲೈ 1956

ಕಾಕಾ,

ಮೇ ತಿಂಗಳ ನಂತರ ನಾನು ಎರಡು ಕಾರ್ಡು ಹಾಕಿದೆ. ಉತ್ತರ ಇಲ್ಲ. ನಿಮ್ಮ ಮೇಲೆ ಸಿಟ್ಟಿಲ್ಲ. ಆ ದೊಡ್ಡ ಸಾಹೇಬರ ಮೇಲಿದೆ. ಅಳತೆ ಎದುರಿಗೆ ಇಟ್ಟರೂ ಓದದ ಮನುಷ್ಯನ ಹತ್ತಿರ ನೀವು ಹ್ಯಾಗೆ ಕೆಲಸ ಮಾಡುತ್ತೀರೋ. ಅವರ ಹೆಸರು, ವಿಳಾಸ ಕೊಡಿರಿ. ನಾನೇ ಬರೆಯುತ್ತೇನೆ. ಇಂಗ್ಲಿಷಿನಲ್ಲೇ ಬರೆಯುತ್ತೇನೆ, ತಪ್ಪಾದರೆ ಆಗಲಿ. ನೀವು ನಮ್ಮ ಪರವಾಗಿ ಎಷ್ಟು ಜಗಳ ಆಡಿರುತ್ತೀರಿ ಎಂದು ನನಗೆ ಗೊತ್ತು.

ಮಳೆ ಹಿಡಿಯಿತು. ಗಾಳಿ ಎದ್ದಿದೆ. ನಿನ್ನೆ ಅಪ್ಪ ಹಲಗೆ ಬಡಿದು, ಚಕ್ರಕ್ಕೆ ಹಗ್ಗ ಕಟ್ಟಿ ಬಂದರು. ಹೊಸ ಹಗ್ಗ. ಸಾಲೆಯ ಮುಂದಿನ ತಗಡಿನ ಚಪ್ಪರ ಹಾರಿ ಕೆರೆಗೆ ಬಿತ್ತು. ಹುಡುಗಿಯರಿಗೆ ಒಂದು ದಿನ ಸೂಟಿ ಸಿಕ್ಕಿತು.

ಅಪ್ಪ ಬೇರೆ ಕೆಲಸ ಹಿಡಿದಿದ್ದಾರೆ ಎಂದುಕೊಳ್ಳಿರಿ. ಊರಲ್ಲಿ ಎಲ್ಲ ಆರಾಮ.

ಮುನೀರಾ


ಹುಬ್ಬಳ್ಳಿ
22 ನವೆಂಬರ್ 1956

ಮುನೀರಾ ತಂಗಿಗೆ,

ವಿಳಾಸ ನೋಡಿದಿರಲ್ಲ. ಒಂದನೆಯ ತಾರೀಖಿನಿಂದ ನೀವೂ ನಾನೂ ಮೈಸೂರು ರಾಜ್ಯದವರು. ನನ್ನನ್ನು ಹುಬ್ಬಳ್ಳಿಗೆ ಹಾಕಿದರು. ಟ್ರಂಕು, ಹಾಸಿಗೆ, ಆ ಬಟ್ಟಲಿನ ಯಂತ್ರ, ಎಲ್ಲ ಒಂದೇ ಗಾಡಿಯಲ್ಲಿ ಬಂದವು. ಹಂಚಿಕೆಯಲ್ಲಿ ಯಂತ್ರ ಯಾರಿಗೂ ಬೇಡವಾಗಿತ್ತು.

ನೀವು ದೊಡ್ಡ ಸಾಹೇಬರ ವಿಳಾಸ ಕೇಳಿದಿರಿ. ಕೊಡಲಿಲ್ಲ. ಯಾಕೆಂದರೆ ಅವರ ಮೇಜಿನ ಮೇಲೆ ಏನೂ ಇರಲಿಲ್ಲ. ವರದಿ ನಾನೇ ಬರೆದು ಏಪ್ರಿಲ್‌ನಲ್ಲಿಯೇ ಸಹಿ ಮಾಡಿದ್ದೆ. ಅವರು ಓದಿದರು, ಒಪ್ಪಿದರು, ಮುಗಿಯಿತು. ನಿಮ್ಮ ಕಮಿಟಿಗೂ ಒಂದು ಪ್ರತಿ ಹೋಗಿರಬೇಕು. ಜಗಳವನ್ನೇನೂ ನಾನು ಆಡಲಿಲ್ಲ.

ಮೂರೂ ಅರ್ಜಿಗಳಿಗೆ ಸೇರಿಸಿ ಬರೆದ ಸಾಲು ಇದು. ‘ಈ ಭಾಗದ ಗಾಳಿ ಸೌಮ್ಯವಾದುದು. ಗಾಳಿ ಉತ್ತಮವಾಗಿರುವ ತಿಂಗಳಿನಲ್ಲಿಯೇ ದೀಪ ಹತ್ತದಿರುವಾಗ ಉಳಿದ ತಿಂಗಳುಗಳನ್ನು ಪರಿಶೀಲಿಸುವ ಅಗತ್ಯವಿಲ್ಲ.’ ಬರೆಯುವಾಗ ಇದರಲ್ಲಿ ತಪ್ಪು ಕಾಣಲಿಲ್ಲ. ಈಗಲೂ ಕಾಣುವುದಿಲ್ಲ. ಅಳತೆ ನಿಮ್ಮವೇ, ಲೆಕ್ಕ ನನ್ನದು.

ಮೇ ತಿಂಗಳಲ್ಲಿಯೇ ಹೇಳಬೇಕಿತ್ತು. ನಿಮ್ಮ ಕಾಗದದಲ್ಲಿ ಆ ಹೆಂಗಸರು ಕೆಂಪು ತಂತಿಯ ಕೆಳಗೆ ಕೂತಿದ್ದರು. ಹೇಳಲಾಗಲಿಲ್ಲ.

ಅಂದಾನೆಪ್ಪ


ಗಜೇಂದ್ರಗಡ
6 ಡಿಸೆಂಬರ್ 1956

ಓವರಸಿಯರ್ ಸಾಹೇಬರಿಗೆ,

ನಿಮ್ಮ ಕಾಗದ ತಲುಪಿತು. ವರದಿಯ ಪ್ರತಿ ಕಮಿಟಿಗೆ ಜೂನ್ ತಿಂಗಳಲ್ಲಿಯೇ ಬಂದಿತ್ತು. ಅದರ ಕೆಳಗಿನ ಸಹಿ ನನಗೆ ತೋರಿಸಿರಲಿಲ್ಲ.

ಯುಗಾದಿಯ ನಂತರ ಗೋಪುರ ಬಿಚ್ಚಲು ಠರಾವು ಆಗಿದೆ. ಕೆಲಸಕ್ಕೆ ಗೌಂಡಿ ಸಿಕ್ಕಿದ್ದಾರೆ.

ಮುನೀರಾ


ಹುಬ್ಬಳ್ಳಿ
30 ಜೂನ್ 1957

ಮುನೀರಾ ತಂಗಿಗೆ,

ನೀವು ಉತ್ತರ ಬರೆಯದಿದ್ದರೂ ಸರಿ, ಇದನ್ನು ಓದಿರಿ.

ಹೋದ ವಾರ ಸವಡಿಗೆ ಹೋಗಿದ್ದೆ. ನಮ್ಮ ಅತ್ತಿಗೆ ಶೇಖವ್ವನಿಗೆ ಆರಾಮ ಇರಲಿಲ್ಲ. ಗದಗ ದಾಟಿದ ಮೇಲೆ ಬಸ್ಸು ಗಾಳಿಗೆ ಮಗ್ಗುಲಾಗುತ್ತಿತ್ತು. ಇಳಿದರೆ ನನ್ನ ಟೊಪ್ಪಿಗೆ ಹಾರಿ ಹೋಯಿತು, ಸಿಗಲಿಲ್ಲ. ಮನೆಗೆ ಹೋದರೆ ಬಾಗಿಲಿಗೆ ಒಳಗಿನಿಂದ ಒರಳಕಲ್ಲು ಇಟ್ಟಿದ್ದರು. ನಾನೂ ಒಳಗಿನಿಂದ ಒತ್ತಿ ಹಿಡಿಯಬೇಕಾಯಿತು. ಅತ್ತಿಗೆ ಹಾಸಿಗೆಯಿಂದಲೇ ಹೇಳಿದಳು, ‘ಈ ಹಾಳ ಗಾಳಿ ಮೂರು ತಿಂಗಳು ಬಿಡಂಗಿಲ್ಲ ನೋಡು. ಚಲೋ ಗಾಳಿ ನೋಡಬೇಕಂದ್ರ ಮಾಘದಾಗ ಬಾ.’

ನಾನು ಬಾಗಿಲು ಒತ್ತಿ ಹಿಡಿದು ನಿಂತೇ ಇದ್ದೆ.

ಗಾಳಿ ಚಲೋ ಇರುವುದು ಯಾವಾಗ ಎಂದು ಕೇಳಿದವನು ನಾನು. ಕಣದಲ್ಲಿ ಮೊರ ಹಿಡಿದು ಬೆಳೆದವನು. ಚಲೋ ಎಂದರೆ ನನಗೂ ಜೋಳ ಕಾಲಬುಡಕ್ಕೆ ಬೀಳುವ ಗಾಳಿಯೇ. ನೀವೂ ಅದನ್ನೇ ಕೇಳಿದಿರಿ, ಸಂತೆಯವರೂ ಅದನ್ನೇ ಹೇಳಿದರು, ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಪುಣೆಯವನೇ ಯಾರಾದರೂ ಬಂದಿದ್ದರೆ ಜೋರು ಗಾಳಿ ಯಾವಾಗ ಎಂದು ಕೇಳುತ್ತಿದ್ದ. ನಮ್ಮವನೇ ಬಂದದ್ದಕ್ಕೆ ಹೀಗಾಯಿತು. ಹೊಟ್ಟು ಹಾರಿಸುವ ಗಾಳಿಯನ್ನು ಅಳೆದು, ಚಪ್ಪರ ಹಾರಿಸುವ ಗಾಳಿಯನ್ನು ಬಿಟ್ಟೆವು. ರಮಜಾನಸಾಬರು ಪಟ ಸುತ್ತಿಟ್ಟದ್ದು ಅದಕ್ಕೇ. ನಿಮ್ಮಪ್ಪ ಹಗ್ಗ ಕಟ್ಟಿದ್ದು ಅದಕ್ಕೇ. ನಾನು ಆ ಗಂಟು ಮುಟ್ಟಿ ನೋಡಿ, ಚಲೋ ಮಾಡೀರಿ ಎಂದು ಹೊಗಳಿ ಬಂದೆ.

ದಪ್ಪ ತಗಡು ಹಾಕಿದ ಮೇಲೆ ಆ ಗೋಪುರ ತನ್ನ ಗಾಳಿಯಲ್ಲಿ ಒಂದು ದಿನವೂ ತಿರುಗಿಲ್ಲ.

ಇದನ್ನು ಈಗ ಹೇಳಿ ಏನು ಮಾಡುವುದು ಎಂದು ನನಗೇ ತಿಳಿಯುವುದಿಲ್ಲ. ಕಡತ ಪುಣೆಯಲ್ಲಿ ಉಳಿಯಿತು. ಇಲ್ಲಿಯವರಿಗೆ ಕೇಳಿದೆ, ಆ ರಾಜ್ಯದ ವರದಿ ಈ ರಾಜ್ಯದಲ್ಲಿ ತೆರೆಯಲು ಬರುವುದಿಲ್ಲ ಎಂದರು. ಹೊಸದಾಗಿ ನೋಡಿ ಬರೆಯಬಹುದೇ ಎಂದರೆ, ಬರೆಯಬಹುದು, ಆದರೆ ಗೋಪುರ ಇರಬೇಕಲ್ಲ ಎಂದು ನಕ್ಕರು. ಯುಗಾದಿ ಹೋಗಿ ಎಷ್ಟು ದಿನವಾಯಿತು. ಕಲ್ಲು ಈಗಾಗಲೇ ಟಾಕಿಯಲ್ಲಿ ಸೇರಿರುತ್ತವೆ. ನನಗೂ ನಿವೃತ್ತಿ ಹತ್ತಿರ ಬಂತು. ಇದೆಲ್ಲ ಯಾಕೆ ಹಚ್ಚಿಕೊಳ್ಳಬೇಕು ಎಂದು ದಿನಾ ನನಗೇ ಹೇಳಿಕೊಳ್ಳುತ್ತೇನೆ.

ಯಂತ್ರ ನನ್ನ ಕಪಾಟಿನಲ್ಲಿದೆ. ನೀವು ಸುತ್ತಿದ ಹತ್ತಿಯನ್ನು ಬಿಚ್ಚಿಲ್ಲ.

ಬಿಚ್ಚಿದ ಗೌಂಡಿ ಯಾರು?

ಅಂದಾನೆಪ್ಪ


ಗಜೇಂದ್ರಗಡ
7 ಜುಲೈ 1957

ಕಾಕಾ,

ಗೌಂಡಿ ನಮ್ಮಪ್ಪನೇ.

ಹೋದ ವರ್ಷ ಜೂನ್‌ನಲ್ಲಿಯೇ ಕಮಿಟಿಯವರು ಕರೆದು ಕೇಳಿದ್ದರು. ದಿನಗೂಲಿ ಕೊಡುತ್ತೇವೆ, ಬಿಚ್ಚಿ ಕೊಡು ಎಂದು. ಯಾವ ಕಲ್ಲು ಮೊದಲು ಬಿಟ್ಟುಕೊಡುತ್ತದೆ ಎಂದು ತನಗೆ ಬಿಟ್ಟರೆ ಯಾರಿಗೆ ಗೊತ್ತು, ಬೇರೆಯವರು ಸುತ್ತಿಗೆಯಿಂದ ಒಡೆಯುತ್ತಾರೆ ಎಂದು ಅಪ್ಪ ಒಪ್ಪಿ ಬಂದರು. ಬೇರೆ ಕೆಲಸ ಹಿಡಿದಿದ್ದಾರೆ ಎಂದು ನಾನು ನಿಮಗೆ ಬರೆದದ್ದು ಇದೇ ಕೆಲಸ. ನೀವು ಏಪ್ರಿಲ್ ಮುಚ್ಚಿಟ್ಟಿರಿ, ನಾನು ಜೂನ್ ಮುಚ್ಚಿಟ್ಟೆ. ಅಲ್ಲಿಗೆ ಸರಿಯಾಯಿತು. ಇನ್ನು ಸಾಹೇಬರೇ ಎನ್ನುವುದಿಲ್ಲ.

ಯುಗಾದಿಯ ನಂತರ ಬಿಚ್ಚಲು ಶುರು ಮಾಡಿದ್ದು ನಿಜ. ಆದರೆ ಅಪ್ಪ ಎಲ್ಲಿಂದ ಶುರು ಮಾಡಿದರು ಗೊತ್ತೇ? ನೀವು ದಮ್ಮು ಹತ್ತಿ ಕೂತಿದ್ದಿರಲ್ಲ, ಆ ಮೆಟ್ಟಿಲಿನಿಂದ. ಒಂದೊಂದು ಕಲ್ಲನ್ನೂ ತೊಳೆದು, ಅಳೆದು, ಗುರುತು ಹಾಕಿ ಕೊಡುತ್ತಾರೆ. ಮೆಟ್ಟಿಲು ಮುಗಿಯಿತು. ಆಮೇಲೆ ಸುತ್ತಲಿನ ಕಟ್ಟೆ. ಅದೂ ಮುಗಿಯಿತು. ಎಷ್ಟು ನಿಧಾನವಾಗಿ ಮಾಡಬಹುದೋ ಅಷ್ಟು ನಿಧಾನ. ಟಾಕಿಯ ಗುತ್ತಿಗೆದಾರ ಗುಡ್ಡದ ಕೆಳಗೆ ನಿಂತು, ‘ಏನ್ ಅಲ್ಲಾಸಾಬ, ಬಿಚ್ಚಾಕತ್ತೀಯೋ, ಮತ್ತ ಕಟ್ಟಾಕತ್ತೀಯೋ’ ಎಂದು ಕೂಗುತ್ತಾನೆ. ಈಗ ಉಳಿದಿರುವುದು ಗೋಪುರ ಮಾತ್ರ. ಬರುವ ಮಂಗಳವಾರ ಅಲ್ಲ, ಅದರ ಮುಂದಿನ ಮಂಗಳವಾರ ಬಂಡಿಗಳು ಬರುತ್ತವೆ. ಅಂದು ತಲೆಯ ಕಲ್ಲು ತೆಗೆಯಬೇಕು.

ನಿಜ ಹೇಳಲೇ, ನನಗೂ ಸಾಕಾಗಿತ್ತು. ನಿಮ್ಮ ಕಾಗದವನ್ನು ಎರಡು ದಿನ ಒಡೆಯದೆ ಇಟ್ಟಿದ್ದೆ. ಒಡೆದು ಓದಿದ ಮೇಲೆ ನಿಮ್ಮ ಮೇಲೆ ಸಿಟ್ಟು ಬರಲಿಲ್ಲ, ನನ್ನ ಮೇಲೆ ಬಂತು. ಹೋದ ವರ್ಷ ಚಪ್ಪರ ಹಾರಿದ್ದನ್ನೂ ಹಗ್ಗ ಕಟ್ಟಿದ್ದನ್ನೂ ಒಂದೇ ಕಾಗದದಲ್ಲಿ ಬರೆದವಳು ನಾನು. ಒಂದರ ಪಕ್ಕದಲ್ಲಿ ಇನ್ನೊಂದು. ಬರೆದು, ಅಂಟಿಸಿ, ಹಾಕಿಬಿಟ್ಟೆ.

ಅಪ್ಪನಿಗೆ ಓದಿ ಹೇಳಿದೆ. ಎರಡನೆಯ ಸಲ ಓದು ಎಂದರು. ಓದಿದೆ. ಹೊರಗೆ ಗಾಳಿ ಹೊಡೆಯುತ್ತಿತ್ತು, ನಾನು ಜೋರಾಗಿ ಓದಬೇಕಾಯಿತು. ಮುಗಿದ ಮೇಲೆ ಹೇಳಿದರು, ‘ಕೆಟ್ಟ ಗಾಳಿ ಅಂತ ಹೆಸರಿಟ್ಟವರು ನಾವು. ಗಾಳಿಗೇನ್ ಗೊತ್ತೈತಿ ಅದು.’

ಹಗ್ಗ ಬಿಚ್ಚಿ ಈ ಗಾಳಿಯಲ್ಲೇ ಚಕ್ರ ತಿರುಗಿಸಿ ನೋಡೋಣ ಎಂದೆವು. ಅವ್ವ ಬೇಡ ಎಂದಳು. ರೆಕ್ಕೆ ಮತ್ತೆ ಕಿತ್ತರೆ ಈ ಸಲ ಬರಿ ರೆಕ್ಕೆ ಹೋಗುವುದಿಲ್ಲ, ಕಂಬವೇ ಕಿತ್ತು ಒಳಗಿದ್ದವರ ಮೇಲೆ ಬಿದ್ದರೆ ಎಂದಳು. ಅದು ಖರೇ. ದಪ್ಪ ತಗಡಿನ ಚಕ್ರ ಈ ಗಾಳಿಯಲ್ಲಿ ಹ್ಯಾಗೆ ತಿರುಗುತ್ತದೆ ಎಂದು ನಮಗಾರಿಗೂ ಗೊತ್ತಿಲ್ಲ. ಅಪ್ಪ ಹಗ್ಗ ಕಟ್ಟಿದ್ದು ಸುಮ್ಮನೆ ಅಂಜಿ ಅಲ್ಲ. ಅವರು ಅವ್ವನಿಗೆ ಹೇಳಿದ್ದು ಇಷ್ಟೇ, ‘ಮುರದ್ರ ಮುರೀಲಿ ಬಿಡು. ಹ್ಯಾಂಗೂ ಕೆಡವಾಂವ ನಾನ. ಒಳಗ ಯಾರನ್ನೂ ಬಿಡೂದಿಲ್ಲ, ಕಿಂಡಿ ಹೊರಗ ನಿಂತು ನೋಡೂಣು.’

ಅಧ್ಯಕ್ಷರ ಮನೆಗೆ ಹೋಗಿದ್ದೆ. ಮೊದಲು ಒಳಗೆ ಕರೆಯಲಿಲ್ಲ. ಅವರ ಮನೆಯ ಹಂಚು ಗಾಳಿಗೆ ಒಂದೊಂದಾಗಿ ಬೀಳುತ್ತಿದ್ದವು, ಆಳು ಏಣಿ ಹಾಕಿ ಹಿಡಿದುಕೊಂಡು ನಿಂತಿದ್ದ. ಈ ಗಾಳಿಯನ್ನು ಯಾರೂ ಅಳೆದಿಲ್ಲ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಅವರು ಮೇಲೆ ನೋಡಿದರು, ನನ್ನನ್ನು ನೋಡಿದರು. ಮೊದಲಿನ ಮಾತನ್ನೇ ಹೇಳಿದರು. ದೀಪ ಹತ್ತಿತು ಎಂದು ಊರವರು ಹೇಳಿದರೆ ತನಗೆ ಉಪಯೋಗವಿಲ್ಲ, ಸರಕಾರದ ಯಂತ್ರ ಬರಬೇಕು, ಹಳೆಯ ಕಾಗದಕ್ಕೆ ಸಹಿ ಮಾಡಿದ ಕೈಯೇ ಹೊಸ ಕಾಗದಕ್ಕೂ ಸಹಿ ಮಾಡಬೇಕು. ಹಾಗಾದರೆ ಟಾಕಿಗೆ ಬೇರೆ ಕಲ್ಲು ತರಿಸುತ್ತೇನೆ ಎಂದರು. ಬಂಡಿಗಳನ್ನು ಮಾತ್ರ ಮುಂದಕ್ಕೆ ಹಾಕುವುದಿಲ್ಲವಂತೆ.

ಬಂಡಿ ಬರುವ ಮುಂಚಿನ ದಿನ, ಸೋಮವಾರ, ಬೆಳಗಾದ ಮೇಲೆ ಅಪ್ಪ ಹಲಗೆ ತೆಗೆಯುತ್ತಾರೆ. ಹಗ್ಗ ನಾನು ಬಿಚ್ಚುತ್ತೇನೆ. ಹೆಂಗಸರು ರಾಟೆ ತರುತ್ತಾರೆ, ಆದರೆ ಈ ಸಲ ಕೆಳಗೇ ನಿಂತಿರಲು ಹೇಳಿದ್ದೇನೆ. ಒಂದು ಸಲ ಗುಡ್ಡ ಹತ್ತಿಸಿ ಬರಿಗೈಯಲ್ಲಿ ಇಳಿಸಿದ್ದು ಸಾಕು.

ನಿಮ್ಮ ಕಾಲು ಬಾತಿದೆ, ನಿವೃತ್ತಿ ಹತ್ತಿರ ಬಂದಿದೆ, ಕಡತ ಪುಣೆಯಲ್ಲಿದೆ, ಟೊಪ್ಪಿಗೆ ಹಾರಿ ಹೋಗಿದೆ. ಎಲ್ಲ ತಿಳಿಯಿತು. ಮೆಟ್ಟಿಲೂ ಇಲ್ಲ ಈಗ, ಕೂತು ದಮ್ಮು ತೆಗೆದುಕೊಳ್ಳಲು ಜಾಗವಿಲ್ಲ. ಅಪ್ಪ ನಿಮ್ಮನ್ನು ಕೈ ಹಿಡಿದು ಹತ್ತಿಸುತ್ತೇನೆ ಎನ್ನುತ್ತಾರೆ. ಹುಬ್ಬಳ್ಳಿಯಿಂದ ಗದಗಿಗೆ ರೈಲು, ಗದಗಿನಿಂದ ನಮ್ಮ ಊರಿಗೆ ಬಸ್ಸು, ಯಂತ್ರ ಕಪಾಟಿನಲ್ಲಿ ಹತ್ತಿಯೊಳಗೆ.

ಚಲೋ ಗಾಳಿಯನ್ನು ಅಳೆಯಲು ಪುಣೆಯಿಂದ ಬಂದಿರಿ. ಕೆಟ್ಟ ಗಾಳಿಯನ್ನು ಅಳೆಯಲು ಹುಬ್ಬಳ್ಳಿಯಿಂದ ಬರುತ್ತೀರೋ, ಇಲ್ಲ ಬಾಗಿಲಿಗೆ ಒರಳಕಲ್ಲು ಇಟ್ಟುಕೊಂಡು ಒಳಗೇ ಕೂರುತ್ತೀರೋ?

ಮುನೀರಾ